ಹನ್ನೆರಡನೆಯ ಹಕ್ಕಳೆ

"ಹನ್ನೊಂದು," ಎಂದಳು ಸೂಜಿಯಮ್ಮ. ಮೂರು ಸಲ ಎಣಿಸಿಯಾಗಿತ್ತು.

ಮೇಜಿನ ಮೇಲೆ ಹಾಸಿದ್ದ ಬಿಳಿ ಕಾಗದದ ಮೇಲೆ ಪುಟ್ಟ ಪ್ಲಾಸ್ಟಿಕ್ ಚೀಲಗಳು ಸಾಲಾಗಿ ಮಲಗಿದ್ದವು. ಒಂದೊಂದರಲ್ಲೂ ಅಂಗಿಯ ಗುಂಡಿಗಿಂತ ತುಸು ಚಿಕ್ಕದಾದ, ಒಣಗಿ ಕಪ್ಪಾದ ಹಕ್ಕಳೆ. ಹನ್ನೆರಡು ಜನರ ತೋಳಿನಿಂದ ಹನ್ನೆರಡು ಬೀಳಬೇಕು. ಬಂದಿರುವುದು ಹನ್ನೊಂದು ಎಂದರೆ ಒಂದು ಎಲ್ಲೋ ಇದೆ.

"ಬಿಡಿ ಸೂಜಿಯಮ್ಮ, ಬಚ್ಚಲಲ್ಲಿ ಕೊಚ್ಚಿಕೊಂಡು ಹೋಗಿರತ್ತೆ," ಎಂದ ಲ್ಯಾಬಿನವನು ಬಾಗಿಲಿಗೆ ಒರಗಿಕೊಂಡು. "ಚಿನ್ನದ ಮೂಗುತಿ ಕಳೆದ ಹಾಗೆ ಹುಡುಕ್ತಿದೀರಲ್ಲ!"

"ಮೂಗುತಿ ಕಳೆದ್ರೆ ಮೂಗು ಉಳಿಯತ್ತೆ. ಇದು ಹಾಗಲ್ಲ. ಎಲ್ಲರನ್ನೂ ಕರಿ."

ಅವಳ ನಿಜವಾದ ಹೆಸರು ಆಸ್ಪತ್ರೆಯ ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಲಸಿಕೆ ಕೋಣೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಸೂಜಿ ಹಿಡಿದು ಸೂಜಿಯಮ್ಮನೇ ಆಗಿಹೋಗಿದ್ದಳು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬುದು ಬೇರೆಯವರಿಗೆ ಗಾದೆ, ಅವಳಿಗೆ ಕಸುಬು. ಶೀತಲ ಪೆಟ್ಟಿಗೆಯ ಬಾಗಿಲ ಮೇಲೇ ತಾಪಮಾನ ತೋರಿಸುವ ಯಂತ್ರವಿದ್ದರೂ ಒಳಗೆ ತನ್ನದೊಂದು ಥರ್ಮಾಮೀಟರ್ ಇಟ್ಟಿದ್ದಳು. ಅದು ಸರಿಯಾಗಿದೆಯೇ ಎಂದು ನೋಡಲು ಡ್ರಾಯರಿನಲ್ಲಿ ಇನ್ನೊಂದಿತ್ತು. "ನಮ್ಮ ಮದುವೆಗೆ ಸಾಕ್ಷಿ ಇದ್ದದ್ದು ಒಳ್ಳೇದಾಯ್ತು, ಇಲ್ದಿದ್ರೆ ನೀನು ನಂಬ್ತಾನೇ ಇರ್ಲಿಲ್ಲ," ಎಂದು ಗಂಡ ಬದುಕಿದ್ದಾಗ ನಗುತ್ತಿದ್ದ.

ಸಿಡುಬು ಭೂಮಿಯ ಮೇಲಿಂದ ಹೋಗಿ ದಶಕಗಳೇ ಕಳೆದಿದ್ದವು. ಈಗಿನ ಡಾಕ್ಟರುಗಳಲ್ಲಿ ಅದನ್ನು ಕಣ್ಣಾರೆ ಕಂಡವರು ಒಬ್ಬರೂ ಇರಲಿಲ್ಲ. ಆದರೂ ಎಲ್ಲೋ ದೂರದಲ್ಲಿ, ಬೀಗದ ಮೇಲೆ ಬೀಗ ಹಾಕಿದ ಕೋಣೆಗಳಲ್ಲಿ ಅದರ ಬೀಜ ಉಳಿದಿದೆಯಂತೆ. ಇನ್ನು ಮುಂದೆ ಅದು ಬಂದರೆ ತಾನಾಗಿ ಬರುವುದಿಲ್ಲ, ಯಾರೋ ಬೇಕೆಂದೇ ತಂದು ಬಿಟ್ಟಿರುತ್ತಾರೆ. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡುವುದು ಬೇಡವೆಂದು ಮೇಲಿನ ಕಚೇರಿ ಒಂದು ಯೋಜನೆ ಮಾಡಿತ್ತು. ಮೊದಲ ದಿನವೇ ರೋಗಿಯನ್ನು ಮುಟ್ಟಬೇಕಾದ ಹನ್ನೆರಡು ಜನರಿಗೆ ಮುಂಚಿತವಾಗಿ ಲಸಿಕೆ. ಆ ದಿನ ಬಂದರೆ ಹನ್ನೆರಡೂ ಜನ ಆಸ್ಪತ್ರೆಯ ಒಳಗೆ, ಗೇಟಿಗೆ ಬೀಗ. ಎರಡನೆಯ ಹಂತದಲ್ಲಿ ಅವರ ಮನೆಯವರಿಗೆ ಲಸಿಕೆ. ಮಿಕ್ಕ ಊರು ಆಮೇಲೆ.

ಲಸಿಕೆ ಅವಳ ಶೀತಲ ಪೆಟ್ಟಿಗೆಯಲ್ಲೇ ಇತ್ತು. ನಾಲ್ಕು ವರ್ಷದ ಹಿಂದೆ ಮೇಲಿನ ಕಚೇರಿಯವರು ಹಂತಕ್ಕೊಂದರಂತೆ ಒಂದೇ ಅಳತೆಯ ಎರಡು ಪೆಟ್ಟಿಗೆ ತಂದು ಅದರ ಕೆಳಗಿನ ಖಾನೆಯಲ್ಲಿ ತಾವೇ ಇಟ್ಟು, ತಂತಿ ಸುತ್ತಿ ಸೀಸದ ಮುದ್ರೆ ಒತ್ತಿ ಹೋಗಿದ್ದರು. ಆಜ್ಞೆ ಬರುವ ತನಕ ಕದಲಿಸಕೂಡದು. ತಿಂಗಳಿಗೊಮ್ಮೆ ಮುದ್ರೆ ನೋಡಿ, ತಾಪ ನೋಡಿ, 'ಮುದ್ರೆ ಭದ್ರ' ಎಂದು ಬರೆದು ಸಹಿ ಹಾಕಬೇಕು. ಏನೇ ಆದರೂ ಹತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು ಹೊರಗಿಡಕೂಡದು. ಮೂರು ವಾರದ ಹಿಂದೆ ಆಜ್ಞೆ ಬಂದಾಗ ಮೊದಲನೆಯ ಪೆಟ್ಟಿಗೆಯನ್ನು ಅವಳೂ ಆಂಬ್ಯುಲೆನ್ಸ್ ಡ್ರೈವರೂ ಸೇರಿ ಎತ್ತಿ ಮೇಜಿನ ಮೇಲಿಟ್ಟಿದ್ದರು. ಸೀಸೆಗಳು, ಸುತ್ತ ಮಂಜುಗಡ್ಡೆಯ ಇಟ್ಟಿಗೆಗಳು. ಇಬ್ಬರ ಸೊಂಟವೂ ಹಿಡಿದುಕೊಂಡಿತ್ತು.

ಕವಲು ಮೊನೆಯ ಸೂಜಿಯಿಂದ ತೋಳಿನ ಮೇಲೆ ಹದಿನೈದು ಚುಚ್ಚು. ಅದು ಗುಳ್ಳೆಯಾಗಿ, ಕೀವಾಗಿ, ಕೊನೆಗೆ ಹಕ್ಕಳೆಗಟ್ಟಿ ಮೂರನೆಯ ವಾರ ಬೀಳುತ್ತದೆ. ಬೀಳುವ ತನಕ, ಬಿದ್ದ ಮೇಲೂ, ಅದರಲ್ಲಿ ಜೀವವಿರುತ್ತದೆ. ಅದು ಸಿಡುಬಲ್ಲ, ಲಸಿಕೆಯದೇ ಸೋಂಕು. ಗಟ್ಟಿ ಮೈಯವರಿಗೆ ಏನೂ ಮಾಡದು. ಆದರೆ ಇಸುಬು ಆಗಿ ಚರ್ಮ ಬಿರಿದ ಮಗುವಿಗೆ ತಗುಲಿದರೆ ಮೈಯೆಲ್ಲ ಹಬ್ಬುತ್ತದೆ, ಕಣ್ಣಿಗೆ ಇಳಿಯುತ್ತದೆ, ಪ್ರಾಣವನ್ನೂ ತೆಗೆಯಬಹುದು. ಚೀಲದಲ್ಲಿ ಮುಚ್ಚಿ ಕಸಕ್ಕೆ ಹಾಕಿದರೆ ಸಾಕೆಂದು ಪುಸ್ತಕ ಹೇಳುತ್ತಿತ್ತು. ಸೂಜಿಯಮ್ಮ ಪುಸ್ತಕವನ್ನು ನಂಬುವವಳೇ? ಎಲ್ಲರೂ ತಂತಮ್ಮ ಹಕ್ಕಳೆಯನ್ನು ತನಗೇ ತಂದೊಪ್ಪಿಸಬೇಕು, ಎಣಿಸಿ ತಾನೇ ಸುಡುತ್ತೇನೆ ಎಂದಿದ್ದಳು. ಹಕ್ಕಳೆ ಹಿಡಿದು ನಿಮ್ಮ ಮುಂದೆ ನಿಲ್ಲಲು ನಾಚಿಕೆ ಎಂದು ಅವರು ಗೊಣಗಿದ್ದಕ್ಕೆ ಬಾಗಿಲಲ್ಲಿ ಒಂದು ಮುಚ್ಚಳದ ಡಬ್ಬಿ ಇಟ್ಟಳು. ಹೆಸರು ಬರೆಯಿರಿ ಎನ್ನಲಿಲ್ಲ. ಅದೊಂದೇ ಅವಳ ತಪ್ಪು.

ಚಹಾದ ಹೊತ್ತಿಗೆ, ಹನ್ನೆರಡರಲ್ಲಿ ಅವಳೊಬ್ಬಳನ್ನು ಬಿಟ್ಟು ಮಿಕ್ಕ ಹನ್ನೊಂದು ಜನ ಅವಳ ಮುಂದೆ ನಿಂತರು. ಒಂದು ಹಕ್ಕಳೆ ಬಂದಿಲ್ಲ ಎಂದು ಹೇಳಿ ಸುಮ್ಮನೆ ನೋಡಿದಳು. ಕುಂಬಳಕಾಯಿ ಕಳ್ಳ ಎಂದರೆ ಕಳ್ಳನೇ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಲ್ಯಾಬಿನವನು ಮೊದಲುಗೊಂಡು ಹತ್ತು ಜನ ತೋಳು ಮುಟ್ಟಿ ನೋಡಿಕೊಂಡರು. ಮುಟ್ಟಿಕೊಳ್ಳದವನು ಒಬ್ಬನೇ, ಆಂಬ್ಯುಲೆನ್ಸ್ ಡ್ರೈವರ್. ಅವನು ಎರಡೂ ಕೈಯಲ್ಲಿ ಲೋಟ ಹಿಡಿದು ಚಹಾದೊಳಗೇ ನೋಡುತ್ತಿದ್ದ.

ಮಿಕ್ಕವರನ್ನು ಕಳಿಸಿ ಅವನನ್ನು ನಿಲ್ಲಿಸಿಕೊಂಡಳು.

"ನಿನ್ನದು ಯಾವತ್ತು ಹಾಕಿದೆ ಡಬ್ಬಿಗೆ?"

"ಸೋಮವಾರ."

"ಸೋಮವಾರ ಡಬ್ಬಿ ತೊಳೆದು ಬಿಸಿಲಿಗಿಟ್ಟಿದ್ದೆ. ಬಾಗಿಲಲ್ಲಿ ಇರಲೇ ಇಲ್ಲ." ಇದು ಅವನನ್ನು ಪರೀಕ್ಷಿಸಲು ಅವಳು ಹೇಳಿದ ಶುದ್ಧ ಸುಳ್ಳು.

"ಹಾಗಾದ್ರೆ ಮಂಗಳವಾರ ಇರ್ಬೇಕು."

"ಇರಬೇಕೋ, ಇತ್ತೋ?"

ಅವನು ಲೋಟವನ್ನು ಕಿಟಕಿಯ ಮೇಲಿಟ್ಟ. "ನನ್ನ ಮೈಯಿಂದ ಬಿದ್ದದ್ದು ನನ್ನದಲ್ವಾ ಸೂಜಿಯಮ್ಮ? ಅದಕ್ಕೂ ನಿಮ್ಮ ಅಪ್ಪಣೆ ಬೇಕಾ?" ಎಂದ. ಅಷ್ಟರಲ್ಲಿ ಕರೆ ಬಂತು. ಟೋಪಿ ಹಾಕಿಕೊಂಡು ಗಾಡಿಯ ಕಡೆ ಓಡಿದ.

ಆ ಟೋಪಿ ನೋಡಿಯೇ ಸೂಜಿಯಮ್ಮನಿಗೆ ನೆನಪಾದದ್ದು. ಹೋದ ಚಳಿಗಾಲ ಚರ್ಮದ ವಿಭಾಗದ ಸಾಲಿನಲ್ಲಿ ಐದಾರು ವರ್ಷದ ಹುಡುಗಿಯೊಂದು ಅದೇ ಟೋಪಿ ಕಿವಿ ಮುಚ್ಚುವ ಹಾಗೆ ಹಾಕಿಕೊಂಡು ಮೊಣಕೈ ಕೆರೆಯುತ್ತ ನಿಂತಿತ್ತು. ಕಪಾಟಿನಿಂದ ಲಸಿಕೆಗೆ ಮುಂಚಿನ ಪ್ರಶ್ನೆಪತ್ರಗಳನ್ನು ತೆಗೆದಳು. ನಿಮ್ಮ ಮನೆಯಲ್ಲಿ ಇಸುಬು ಇರುವವರು ಇದ್ದಾರೆಯೇ? 'ಇಲ್ಲ' ಎಂದು ಬರೆದು ಅಡಿಗೆರೆ ಬೇರೆ ಎಳೆದಿದ್ದ ಪುಣ್ಯಾತ್ಮ. ಚರ್ಮದ ವಿಭಾಗಕ್ಕೆ ಹೋಗಿ ಅವರ ಪುಸ್ತಕ ತಿರುವಿದಳು. ಅದೇ ವಿಳಾಸ, ಹೆಣ್ಣುಮಗು, ಇಸುಬು, ಮೂರು ಸಲ ಬಂದು ಹೋಗಿದೆ.

ಇಷ್ಟೇ ಆಗಿದ್ದರೆ ಸುಳ್ಳು ಹೇಳಿದ ಎಂದು ಬೈದು ಬಿಡಬಹುದಿತ್ತು. ಆದರೆ ಮೆಟ್ಟಿಲು ಇಳಿಯುವಾಗ ಇನ್ನೊಂದು ನೆನಪಾಗಿ ನಡುಮೆಟ್ಟಿಲಲ್ಲೇ ನಿಂತಳು. ತರಬೇತಿಯ ದಿನ ಪಾಠ ಬೇಸರವಾಗದಿರಲೆಂದು ಅವಳೇ ಹಳೆಯ ಕಾಲದ ಕಥೆ ಹೇಳಿದ್ದಳು. ಲಸಿಕೆ ಇಲ್ಲದ ಕಾಲದಲ್ಲಿ ಜನ ಸಿಡುಬಿನ ಹಕ್ಕಳೆಯನ್ನೇ ಒಣಗಿಸಿ ಡಬ್ಬಿಯಲ್ಲಿಟ್ಟು, ಬೇಕಾದಾಗ ಪುಡಿ ಮಾಡಿ ಮಕ್ಕಳ ತೋಳಿನ ಗೀರಿಗೆ ತಿಕ್ಕುತ್ತಿದ್ದರು ಎಂದು. ಯಾವ ಪಾಠಕ್ಕೂ ತೂಕಡಿಸುವ ಡ್ರೈವರ್ ಅಂದು ಕಣ್ಣರಳಿಸಿ ಕೇಳಿದ್ದ. "ಎಷ್ಟು ದಿನ ಇಟ್ಟರೂ ಕೆಲಸ ಮಾಡತ್ತಾ?" ಎಂದು ಪ್ರಶ್ನೆ ಬೇರೆ. ಅಂತೂ ಒಬ್ಬ ಎಚ್ಚರವಾಗಿದ್ದಾನಲ್ಲ ಎಂದು ಹಿಗ್ಗಿ, "ತಂಪಾಗಿಟ್ಟರೆ ಬಹಳ ದಿನ," ಎಂದಿದ್ದಳು ಇವಳು.

ಮೇಜಿನ ಮೇಲಿದ್ದ ಹನ್ನೊಂದು ಚೀಲಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ, ಯಾರಿಗೂ ಹೇಳದೆ, ಒಂದು ಇಕ್ಕಳ, ಒಂದು ಜೊತೆ ಕೈಗವಸು, ಒಂದು ಖಾಲಿ ಚೀಲ ಕೈಚೀಲಕ್ಕೆ ಹಾಕಿಕೊಂಡು ಹೊರಟಳು. ಬಿಸಿಲು ನೆತ್ತಿಗೆ ಏರಿತ್ತು.

ಡ್ರೈವರನ ಮನೆ ಟೈರ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆ. ಮೆಟ್ಟಿಲ ತುಂಬ ಸುಟ್ಟ ರಬ್ಬರಿನ ವಾಸನೆ. ಹೆಂಡತಿ ಕಿಟಕಿಯ ಬಳಿ ಹೊಲಿಗೆ ಯಂತ್ರದ ಮುಂದೆ ಕೂತು ಶಾಲೆಯ ಅಂಗಿಗಳಿಗೆ ಕಾಲರ್ ಕೂಡಿಸುತ್ತಿದ್ದಳು. ಬಿಳಿ ಸೀರೆಯ ನರ್ಸು ಬಾಗಿಲಲ್ಲಿ ಕಂಡೊಡನೆ ಅವಳ ಕಾಲು ಪೆಡಲಿನ ಮೇಲೆ ನಿಂತುಹೋಯಿತು.

"ಅವರಿಗೇನಾದ್ರೂ..."

"ಅವನಿಗೇನೂ ಆಗಿಲ್ಲ. ಗುಂಡುಕಲ್ಲಿನ ಹಾಗಿದಾನೆ. ಮಗು ಎಲ್ಲಿ?"

ಮಗು ನೆಲದ ಮೇಲೆ ಕೂತು ಚಿತ್ರ ಬಿಡಿಸುತ್ತಿತ್ತು. ಎರಡೂ ಕೈಗೆ ಅಪ್ಪನ ಕಾಲುಚೀಲ ತೊಡಿಸಿ ಮಣಿಕಟ್ಟಿನಲ್ಲಿ ದಾರ ಕಟ್ಟಿದ್ದರು. ಕೆರೆದುಕೊಳ್ಳದಿರಲೆಂದು. ಕಾಲುಚೀಲದೊಳಗಿಂದಲೇ ಬಣ್ಣದ ಕಡ್ಡಿ ಹಿಡಿದು ಗಾಡಿಯೊಂದನ್ನು ಗೀಚಿತ್ತು, ಗಾಡಿಗೆ ಐದು ಗಾಲಿ.

"ಐದನೇದು ಯಾಕೇ ಪುಟ್ಟಿ?"

"ಒಂದು ಪಂಕ್ಚರ್ ಆದ್ರೆ ಇರ್ಲಿ ಅಂತ," ಎಂದಿತು ಮಗು. ಅಪ್ಪನ ಮಗಳು.

ಸೂಜಿಯಮ್ಮ ಕೈ ತೊಳೆದು ಬಂದು, ಮಗುವನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, ಅಂಗಿ ಬಿಚ್ಚಿ ನೋಡಿದಳು. ಮೊಣಕೈಯ ಮಡಿಕೆ, ಕತ್ತಿನ ಸುತ್ತ, ಮಂಡಿಯ ಹಿಂಭಾಗ, ರೆಪ್ಪೆಯ ಅಂಚು. ಹಳೆಯ ಇಸುಬು, ಒರಟಾಗಿ ಒಣಗಿದ್ದು. ಹೊಸ ಗುಳ್ಳೆ ಇಲ್ಲ. ನಡುವೆ ಕುಳಿಬಿದ್ದ ಗುಳ್ಳೆಯನ್ನೇ ಅವಳ ಕಣ್ಣು ಹುಡುಕುತ್ತಿತ್ತು. ಇನ್ನೊಂದು ಸಲ ನೋಡಿದಳು. ತಾಯಿ ನೂಲು ಕತ್ತರಿಸುವ ಕತ್ತರಿ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದಳು.

"ಡಬ್ಬಿ ಕೊಡಮ್ಮ," ಎಂದಳು ಸೂಜಿಯಮ್ಮ ಕೊನೆಗೆ.

"ಯಾವ ಡಬ್ಬಿ?"

"ನೋಡು, ನಾನು ಪೊಲೀಸ್ ಅಲ್ಲ. ಆದ್ರೆ ಅದನ್ನ ಈ ಮಗುವಿನ ಮೈಗೆ ತಾಗಿಸಿದ್ರೆ ಏನಾಗತ್ತೆ ಅಂತ ನಿನ್ನ ಗಂಡನಿಗೆ ಗೊತ್ತಿಲ್ಲ, ನನಗೆ ಗೊತ್ತು. ಬೇರೆ ಯಾರಿಗೂ ಹೇಳಲ್ಲ, ತೆಗಿ."

ಅವಳು ಕತ್ತರಿ ಕೆಳಗಿಟ್ಟಳು. ಆಮೇಲೆ ಮಗುವನ್ನು ಒಳಗಿನ ಕೋಣೆಗೆ ಕಳಿಸಿ, ನೀರಿನ ಮಡಕೆಯ ಹಿಂದಿನಿಂದ ಕೆಮ್ಮಿನ ಗುಳಿಗೆಯ ತಗಡಿನ ಡಬ್ಬಿಯೊಂದನ್ನು ತಂದಿಟ್ಟಳು. ತಂಪಾಗಿಡಲು ಡ್ರೈವರನ ಮನೆಯಲ್ಲಿದ್ದ ಜಾಗ ಅದೊಂದೇ.

ಸೂಜಿಯಮ್ಮ ಕೈಗವಸು ತೊಟ್ಟು ಮುಚ್ಚಳ ತೆಗೆದಳು. ಹತ್ತಿಯ ನಡುವೆ ಕಪ್ಪಗೆ ಒಂದು ಚೂರು. ಇಕ್ಕಳದಲ್ಲಿ ಹಿಡಿದು ಮೆಲ್ಲಗೆ ಒತ್ತಿದಳು. ಹಕ್ಕಳೆಯಾದರೆ ಪುಡಿಯಾಗಬೇಕಿತ್ತು. ಇದು ಬಾಗಿತು, ಬಿಟ್ಟೊಡನೆ ನೆಟ್ಟಗಾಯಿತು.

"ಏನಿದು?"

"ರಬ್ಬರು," ಎಂದಳು ಡ್ರೈವರನ ಹೆಂಡತಿ. "ಕೆಳಗೆ ಅಂಗಡಿ ಮುಂದೆ ಬಿದ್ದಿರತ್ತಲ್ಲ, ಟೈರ್ ಉಜ್ಜಿದ್ದು. ಸರಿಯಾದ ಗಾತ್ರದ್ದು ಸಿಗೋಕೆ ನಾಲ್ಕು ಚೂರು ಆರಿಸ್ದೆ."

"ಮತ್ತೆ ಅದು? ನಿಜವಾದದ್ದು?"

"ತಂದ ದಿನವೇ ಒಲೆಗೆ ಹಾಕ್ದೆ. ಇಕ್ಕಳದಲ್ಲೇ ಹಿಡಿದು ಹಾಕ್ದೆ, ಹತ್ತಿ ಸಮೇತ. ಆಮೇಲೆ ಇಕ್ಕಳ ಕುದಿಸಿ, ಡಬ್ಬಿ ಕುದಿಸಿ, ಸೋಪಲ್ಲಿ ಮೊಣಕೈ ತನಕ ಕೈ ತೊಳ್ಕೊಂಡೆ. ಎಲ್ಲ ನೀವು ಹೇಳಿಕೊಟ್ಟದ್ದೇ. ನಿಮ್ಮ ತರಬೇತಿ ಎಲ್ಲ ನಮ್ಮನೇಲಿ ಇನ್ನೊಂದು ಸಲ ನಡೆಯತ್ತೆ."

ಸೂಜಿಯಮ್ಮ ಅವಳ ಬೆರಳುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದಳು. ಸೂಜಿ ಚುಚ್ಚಿದ ಹಳೆಯ ಕಲೆಗಳು, ಅಷ್ಟೇ. ಆಮೇಲೆ ಮೋಟು ಕುರ್ಚಿಯ ಮೇಲೆ ಕುಳಿತಳು. ನೀರು ಕೇಳಿ ಕುಡಿದಳು. ಈ ಹೆಣ್ಣನ್ನು ತಬ್ಬಿಕೊಳ್ಳಬೇಕು ಎನ್ನಿಸಿತು. ಆದರೆ ಕೈಯಲ್ಲಿ ಇನ್ನೂ ಇಕ್ಕಳ ಇತ್ತು.

"ಅವನಿಗೆ ಯಾಕೆ ಹೇಳಲಿಲ್ಲ?"

"ಹೇಗೆ ಹೇಳ್ಲಿ? ಆ ಯೋಜನೆಯ ಕಾಗದ ಓದಿದ ಮೇಲೆ ಒಂದು ತಿಂಗಳು ನಿದ್ದೆ ಮಾಡಿಲ್ಲ ಇವರು. 'ನಾನು ಒಳಗೆ, ನೀವಿಬ್ರು ಹೊರಗೆ, ಗೇಟಿಗೆ ಬೀಗ' ಅಂತ ಅದೇ ಮಾತು. ಪಟ್ಟೀಲಿ ಇದ್ರೆ ಮನೆಯವರಿಗೂ ಸಿಗತ್ತೆ ಅಂತ ಸುಳ್ಳು ಬರೆದು ಚುಚ್ಚಿಸಿಕೊಂಡು ಬಂದ್ರು. ಆಮೇಲೆ ಅದೂ ಅನುಮಾನ. ಈ ಡಬ್ಬಿ ಬಂದ ಮೇಲೆ ನೋಡಿ, ಗೊರಕೆ ಕೆಳಗಿನ ಅಂಗಡಿಗೂ ಕೇಳತ್ತೆ." ಅವಳು ಸ್ವಲ್ಪ ನಕ್ಕಳು, ಮುಖ ಮಾತ್ರ ನಗಲಿಲ್ಲ. "ಮನೇಲಿ ಏನೋ ಇದೆ ಅಂತ ಧೈರ್ಯ."

"ಏನೋ ಯಾಕೆ, ನಿಜವಾಗ್ಲೂ ಇದೆ," ಎಂದಳು ಸೂಜಿಯಮ್ಮ. ಇಷ್ಟು ಹೊತ್ತಿಗೆ ಅವಳಿಗೆ ಕೊಡಲು ಒಂದು ಒಳ್ಳೆಯ ಸುದ್ದಿ ಸಿಕ್ಕಿತ್ತು. "ಎರಡನೇ ಪೆಟ್ಟಿಗೇಲಿ ಇರೋದು ಬೇರೆ ಥರದ ಲಸಿಕೆ, ಮೃದು. ಇಸುಬಿರೋ ಮಕ್ಕಳಿಗೂ ಕೊಡಬಹುದು. ನಿನ್ನ ಮಗಳಿಗೆ ಅಂತಲೇ ಮಾಡಿದ ಹಾಗಿದೆ. ನನ್ನ ಕೋಣೇಲೇ ಇದೆ, ನಾಲ್ಕು ವರ್ಷದಿಂದ ನಾನೇ ಕಾಯ್ತಿದೀನಿ."

"ಕಾಯ್ತಿದೀರಿ, ಸರಿ. ಒಳಗೆ ನೋಡಿದೀರಾ?"

"ಬಿಚ್ಚೋ ಹಾಗಿಲ್ಲಮ್ಮ. ಮುದ್ರೆ ಇದೆ."

ಡ್ರೈವರನ ಹೆಂಡತಿ ಡಬ್ಬಿಯ ಮುಚ್ಚಳವನ್ನು ಬೆರಳಲ್ಲಿ ತಿರುಗಿಸುತ್ತ ಕೂತಳು.

"ನಾನೂ ಇವರಿಗೆ ಅದನ್ನೇ ಹೇಳಿರೋದು," ಎಂದಳು. "ಡಬ್ಬಿ ಬಿಚ್ಚಬೇಡಿ, ಗಾಳಿ ತಾಗಿದ್ರೆ ಶಕ್ತಿ ಹೋಗತ್ತೆ ಅಂತ."

ಒಳಗಿನ ಕೋಣೆಯಲ್ಲಿ ಮಗು ಗಾಡಿಯ ಸದ್ದು ಮಾಡುತ್ತಿತ್ತು. ಸೂಜಿಯಮ್ಮ ರಬ್ಬರಿನ ಚೂರನ್ನು ಇಕ್ಕಳದಲ್ಲಿ ಎತ್ತಿ ಹತ್ತಿಯ ನಡುವೆ, ಮೊದಲಿದ್ದ ಜಾಗದಲ್ಲೇ ಇಟ್ಟು, ಮುಚ್ಚಳ ಒತ್ತಿ ಕೊಟ್ಟಳು. ಮಡಕೆಯ ಹಿಂದೆ ಡಬ್ಬಿ ಸೇರಿದ ಸದ್ದು ಕೇಳಿದ ಮೇಲೆ ಮೆಟ್ಟಿಲಿಳಿದಳು.

ದಾರಿಯುದ್ದಕ್ಕೂ ತನ್ನ ಮೇಲೇ ಸಿಟ್ಟು ಬರುತ್ತಿತ್ತು. ಹೊಲಿಗೆಯವಳೊಬ್ಬಳ ಮಾತು ಕೇಳಿ ತಲೆ ಕೆಡಿಸಿಕೊಳ್ಳುವುದೇ? ನಲವತ್ತೆಂಟು ತಿಂಗಳು, ನಲವತ್ತೆಂಟು ಸಹಿ. ಒಂದೂ ಸುಳ್ಳಲ್ಲ. ಮುದ್ರೆ ಭದ್ರವೇ ಇತ್ತು, ತಾಪ ಸರಿಯೇ ಇತ್ತು. ಮೂರು ಥರ್ಮಾಮೀಟರ್ ಇಟ್ಟು ನೋಡಿದ್ದಾಳೆ. ಏನನ್ನು ತಣ್ಣಗಿಡುತ್ತಿದ್ದೇನೆ ಎಂದು ಮಾತ್ರ ನೋಡಿಲ್ಲ. ಪೆಟ್ಟಿಗೆ ತಂದವರು ನೆಲದಿಂದ ಖಾನೆಗೆ ಎತ್ತಿಟ್ಟಾಗ, ಮೊದಲನೆಯದಕ್ಕೆ ಇಬ್ಬರು ಕೈ ಹಾಕಿದ್ದರು. ಎರಡನೆಯದಕ್ಕೆ? ಎಷ್ಟು ನೆನಪಿಸಿಕೊಂಡರೂ ನೆನಪಾಗಲಿಲ್ಲ. ಅವಳು ಆಗ ಸಹಿ ಹಾಕುತ್ತಿದ್ದಳು.

ಕೋಣೆಗೆ ಬಂದು ಬಾಗಿಲು ಹಾಕಿಕೊಂಡಳು. ಶೀತಲ ಪೆಟ್ಟಿಗೆಯ ಬೀಗ ತೆಗೆದು ಮಂಡಿಯೂರಿದಳು. ತಣ್ಣನೆಯ ಹೊಗೆ ಮುಖಕ್ಕೆ ಬಡಿಯಿತು. ಕೆಳಗಿನ ಖಾನೆಯಲ್ಲಿ ಎರಡನೆಯ ಪೆಟ್ಟಿಗೆ, ಸುತ್ತ ಮಂಜು ಕಟ್ಟಿ, ತಂತಿ, ಸೀಸದ ಮುದ್ರೆ, ಎಲ್ಲ ಇದ್ದ ಹಾಗೇ. ಮುದ್ರೆ ಮುಟ್ಟಬೇಕಾಗಿಲ್ಲ, ಎತ್ತಿ ನೋಡಿದರೆ ಸಾಕು. ಸೊಂಟ ಹಿಡಿದುಕೊಂಡದ್ದು ನೆನಪಾಗಿ, ಎದ್ದು ಒಂದು ಕಾಲು ಹಿಂದಕ್ಕಿಟ್ಟು ಬಾಗಿ, ಉಸಿರು ಕಟ್ಟಿ, ಎರಡೂ ಕೈಯಿಂದ ಎಳೆದು ಎತ್ತಿದಳು.

ಪೆಟ್ಟಿಗೆ ಎಷ್ಟು ಸಲೀಸಾಗಿ ಬಂತೆಂದರೆ ಅವಳು ಹಿಂದಕ್ಕೆ ವಾಲಿ ಗೋಡೆಗೆ ಬೆನ್ನು ತಾಗಿಸಿಕೊಂಡಳು.

ಹಾಗೇ ನಿಂತಳು, ಎದೆಗೆ ಅವುಚಿಕೊಂಡು. ಅಲ್ಲಾಡಿಸಿ ನೋಡಿದಳು. ಒಳಗೆ ಸೀಸೆಯ ಸದ್ದಿಲ್ಲ, ಮಂಜಿನ ಇಟ್ಟಿಗೆಯ ಸದ್ದಿಲ್ಲ. ಆಮೇಲೆ ಅದನ್ನು ಮೇಜಿನ ಮೇಲೆ, ಬೆಳಗಿನ ಬಿಳಿ ಕಾಗದದ ಮೇಲಿಟ್ಟು, ದೊಡ್ಡ ಡಾಕ್ಟರಿಗೆ ಒಳಫೋನ್ ಮಾಡಿದಳು. ಆಸ್ಪತ್ರೆಯ ಮುಖ್ಯಸ್ಥರು ಅವರು. ಪೆಟ್ಟಿಗೆಗಳು ಬಂದ ದಿನ ಪಕ್ಕದಲ್ಲೇ ನಿಂತಿದ್ದವರು.

"ಸರ್, ಎರಡನೇ ಹಂತದ ಪೆಟ್ಟಿಗೆ ಹೊರಗಿಟ್ಟಿದೀನಿ."

ಕೆಟ್ಟುಹೋಗತ್ತೆ, ಒಳಗಿಡಿ ಎಂದು ಅವರು ಗದರಲಿ ಎಂದು ಸೂಜಿಯಮ್ಮ ಕಾದಳು. ಜೀವಮಾನದಲ್ಲಿ ಬೈಗುಳಕ್ಕಾಗಿ ಅಷ್ಟು ಆಸೆಪಟ್ಟು ಕಾದದ್ದಿಲ್ಲ.

"ಮುದ್ರೆ ಒಡೆದ್ರಾ?" ಎಂದರು ದೊಡ್ಡ ಡಾಕ್ಟರು.

"ಇಲ್ಲ."

"ಒಡೀಬೇಡಿ. ನಾನು ಬರ್ತೀನಿ. ಯಾರಿಗೂ..." ಎಂದು ನಿಲ್ಲಿಸಿ ಫೋನ್ ಇಟ್ಟರು.

ಬಾಗಿಲನ್ನು ಅಗಲವಾಗಿ ತೆರೆದು ಬಂದು ಕುರ್ಚಿಯಲ್ಲಿ ಕೂತಳು. ಗೋಡೆಯ ಗಡಿಯಾರದಲ್ಲಿ ಐದು ನಿಮಿಷವಾಯಿತು, ಎಂಟಾಯಿತು. ಪೆಟ್ಟಿಗೆಯ ಮಂಜು ಕರಗಿ ಕಾಗದ ನೆನೆದು, ನೀರು ಮೇಜಿನಂಚಿಗೆ ಹರಿದು ನೆಲಕ್ಕೆ ತೊಟ್ಟಿಕ್ಕತೊಡಗಿತು. ಹನ್ನೊಂದು ನಿಮಿಷವಾಯಿತು. ಅವಳು ಏಳಲಿಲ್ಲ.

ಹೊರಗೆ ಆಂಬ್ಯುಲೆನ್ಸ್ ಬಂದು ನಿಂತ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಡ್ರೈವರ್ ಟೋಪಿ ಕೈಯಲ್ಲಿ ಹಿಡಿದು ಬಾಗಿಲಲ್ಲಿ ಕಾಣಿಸಿಕೊಂಡ. ಬೆಳಗಿನ ಮಾತಿಗೆ ಏನೋ ಸಮಾಧಾನ ಹೇಳಲು ಬಂದವನ ಮುಖ ಅದು.

"ಸೂಜಿಯಮ್ಮ, ಬೆಳಿಗ್ಗೆ ನಾನು..." ಅಷ್ಟರಲ್ಲಿ ಅವನ ಕಣ್ಣು ಮೇಜಿನ ಮೇಲೆ ಬಿತ್ತು. ತೊಟ್ಟಿಕ್ಕುವ ನೀರನ್ನು ನೋಡಿದ. ಗಡಿಯಾರ ನೋಡಿದ. "ಅಯ್ಯಯ್ಯೋ, ಇದು ನಮ್ಮ ಮನೆಯವರ ಪೆಟ್ಟಿಗೆ ಅಲ್ವಾ! ಹೊರಗ್ಯಾಕಿದೆ? ಎಷ್ಟು ಹೊತ್ತಾಯ್ತು? ಕೆಟ್ಟುಹೋಗತ್ತೆ ಸೂಜಿಯಮ್ಮ!"

ಮುಟ್ಟಬೇಡ ಎನ್ನಲು ಅವಳು ಬಾಯಿ ತೆರೆದಳು. ಮಡಕೆಯ ಹಿಂದಿನ ಡಬ್ಬಿ ಕಣ್ಣ ಮುಂದೆ ಬಂತು. ಬಾಯಿ ಮುಚ್ಚಿದಳು.

ಡ್ರೈವರ್ ಟೋಪಿಯನ್ನು ಇನ್ನೊಂದು ಕುರ್ಚಿಯ ಮೇಲೆ ಎಸೆದು, ಅಂಗಿಯ ತೋಳು ಮಡಚಿಕೊಂಡು ಮೇಜಿನ ಬಳಿ ಬಂದ. ಅವನ ತೋಳಿನ ಮೇಲೆ ಹಕ್ಕಳೆ ಬಿದ್ದ ಜಾಗ ಇನ್ನೂ ಎಳೆಗೆಂಪಾಗಿತ್ತು. ಭಾರ ಎತ್ತುವವನ ಹಾಗೆ ಕಾಲು ಅಗಲಿಸಿ ನಿಂತು, ಉಸಿರು ಬಿಗಿಹಿಡಿದು, ಎರಡೂ ಕೈಗಳನ್ನು ಪೆಟ್ಟಿಗೆಯ ಅಡಿಗೆ ತೂರಿಸಿದ.